ಧಾರವಾಡದ ಮಹಡಿ ಸ್ಟುಡಿಯೋ: ನನ್ನ ಆರಾಧನಾ ಗೀತೆ ರೆಕಾರ್ಡ್ ಮಾಡಿಸಿದ ಅನುಭವ

ಕನ್ನಡದಲ್ಲಿ ಸ್ವಂತ ಆರಾಧನಾ ಗೀತೆ ಬರೆದುಕೊಂಡು, ಅದನ್ನು ಒಮ್ಮೆ ಸರಿಯಾಗಿ ರೆಕಾರ್ಡ್ ಮಾಡಿಸಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧಾರವಾಡದ ಮಾಳಮಡ್ಡಿ ಕಡೆ, ಒಂದು ಹಳೇ ಮನೆಯ ಮಹಡಿ ಮೇಲೆ ಈ ಸ್ಟುಡಿಯೋ ಇದೆ. ಬೋರ್ಡಿಲ್ಲ. ನಡೆಸುವವನು ಒಬ್ಬನೇ ಹುಡುಗ, ತಿಂಗಳಿಗೆ ನಾಲ್ಕೈದು ಹಾಡಿಗಿಂತ ಹೆಚ್ಚು ಕೈಗೆತ್ತಿಕೊಳ್ಳುವುದಿಲ್ಲ. ಹೆಸರು, ನಂಬರು ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ, ಅದಕ್ಕೆ ಹಾಕುತ್ತಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹೋಯಿತು ಅನ್ನುವುದನ್ನೂ ಬರೆಯುತ್ತೇನೆ.

ನಾನು ಬಸ್ ಕಂಡಕ್ಟರ್. ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿ, ಈಗ ಮನೆ ಹುಬ್ಬಳ್ಳಿಯಲ್ಲಿ. ವಾರಕ್ಕೆ ಎರಡು ದಿನ ನೈಟ್ ಹಾಲ್ಟ್ ಡ್ಯೂಟಿ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಕಡೇ ಊರು ಮುಟ್ಟಿ, ಅಲ್ಲೇ ಬಸ್ಸಿನಲ್ಲಿ ಮಲಗಿ, ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲ ಟ್ರಿಪ್ ಹೊಡೆಯಬೇಕು. ನಾನು ಹಾಡು ಬರೆಯುವುದು ಆ ಬಸ್ಸಿನಲ್ಲೇ. ಡ್ರೈವರ್ ಅಣ್ಣ ಊಟ ಮುಗಿಸಿ ಮುಂದಿನ ಸೀಟಿನಲ್ಲಿ ಅಡ್ಡಾಗುತ್ತಾರೆ. ನಾನು ಹಿಂದೆ ಕೂತು ಲೆಕ್ಕ ಬರೆದು, ಆಮೇಲೆ ಬೈಬಲ್ ತೆಗೆಯುತ್ತೇನೆ. ಸಾಲು ಹೊಳೆದರೆ ಟಿಕೆಟ್ ಮಷಿನ್ನಿನ ರೋಲಿನಲ್ಲಿ ಉಳಿದ ತುಂಡಿನ ಹಿಂಬದಿಗೆ ಬರೆದಿಡುತ್ತೇನೆ.

ಈ ಹಾಡು ಹುಟ್ಟಿದ್ದು ಒಬ್ಬ ಅಜ್ಜನಿಂದ. ಸಂಜೆ ಟ್ರಿಪ್, ಸಂತೆ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜ ಐನೂರರ ನೋಟು ಕೊಟ್ಟ. ಟಿಕೆಟ್ 38 ರೂಪಾಯಿ. ಚಿಲ್ಲರೆ ಇರಲಿಲ್ಲ, ಟಿಕೆಟಿನ ಹಿಂದೆ 462 ಅಂತ ಬರೆದುಕೊಟ್ಟು, ಇಳಿಯುವಾಗ ಇಸಗೊಳ್ರಿ ಅಂದೆ. ಆತ ಯಾವ ಸ್ಟಾಪಿನಲ್ಲಿ ಇಳಿದನೋ ನಾನು ನೋಡಲೇ ಇಲ್ಲ. ರಾತ್ರಿ ಲೆಕ್ಕ ಮಾಡಿದಾಗ ಬ್ಯಾಗಿನಲ್ಲಿ ಅಷ್ಟೇ ದುಡ್ಡು ಹೆಚ್ಚಿಗಿತ್ತು. ಡಿಪೋದಲ್ಲಿ ಹೆಚ್ಚುವರಿ ಅಂತ ಬರೆಸಿ ಕಟ್ಟಿದೆ. ಆದರೆ ಅಜ್ಜನ ಕೈ ಕಣ್ಣು ಮುಂದಿನಿಂದ ಹೋಗಲಿಲ್ಲ. ನೋಟನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿ ಇಟ್ಟಿದ್ದ, ತೆಗೆದು ಬಿಡಿಸುವುದಕ್ಕೇ ಹೊತ್ತು ಹಿಡಿದಿತ್ತು. ಆ ರಾತ್ರಿ ಬಸ್ಸಿನಲ್ಲಿ ಕೂತು ಪ್ರಾರ್ಥನೆ ಮಾಡುವಾಗ ಪಲ್ಲವಿ ಬಂತು:

ಕಡೆಯ ನಿಲುಗಡೆ ದಾಟಿದೆನು ನಾ
ನಿನ್ನ ಬಾಗಿಲ ಬಳಿಗೆ ಬಂದೆನು
ಸೀಟು ಎಲ್ಲಾ ಖಾಲಿಯಾಯಿತು
ನೀನು ಇಳಿಯದೆ ಉಳಿದೆ ಯೇಸುವೆ

ಮರುವಾರ ಚರಣದ ಎರಡು ಸಾಲು:

ಉಳಿದ ಚಿಲ್ಲರೆ ಕೊಡದೆ ಮರೆತೆನು
ನಿನ್ನ ಕರುಣೆಯು ಲೆಕ್ಕ ಕೇಳದು

ಎರಡು ಚರಣ ಆದ ಮೇಲೆ ನಮ್ಮ ಚರ್ಚಿನ ಸಭಾಪಾಲಕರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಸೀಟು ಅನ್ನೋದೊಂದು ಬಿಟ್ಟು ಉಳಿದದ್ದು ಹಂಗ ಇರಲಿ" ಅಂದರು. ಸೀಟಿನ ಬದಲು "ಪೀಠ" ಹಾಕಿದರೆ ಹೇಗೆ ಅಂತ ಯಾರೋ ಕೇಳಿದರು. ದೇವಾಲಯದಲ್ಲಿ ಪೀಠ ಅಂದರೆ ಬೇರೆಯೇ ಅರ್ಥ, ಖಾಲಿ ಪೀಠ ಅಂತ ಹಾಡಲು ಬಾಯಿ ಬರುವುದಿಲ್ಲ. ಸದ್ಯಕ್ಕೆ ಸೀಟೇ ಉಳಿಯಿತು.

ಈ ಸ್ಟುಡಿಯೋ ನನಗೆ ಯಾಕೆ ಇಷ್ಟು ಹಿಡಿಸಿತು ಅಂತ ತಿಳಿಯಬೇಕಾದರೆ, ಇದಕ್ಕೂ ಮೊದಲು ನಾನು ಹೋಗಿದ್ದ ಇನ್ನೊಂದು ಕಡೆಯ ಕಥೆ ಹೇಳಬೇಕು. ಅದೊಂದು ದೊಡ್ಡ ಸ್ಟುಡಿಯೋ. ಊರು, ಹೆಸರು ಬೇಡ. 18,000 ರೂಪಾಯಿ ಕೊಟ್ಟೆ. ತಂಗಿಯ ಹತ್ತಿರ ಕೂಡಿಸಿ ಇಟ್ಟಿದ್ದ ದುಡ್ಡೂ ಅದರಲ್ಲಿ ಸೇರಿತ್ತು. ಅವರು ಫೋನಿನಲ್ಲಿ ನಾನು ಹಾಡಿ ಕಳಿಸಿದ್ದನ್ನು ಕೇಳಿ, ಮ್ಯೂಸಿಕ್ ಟ್ರ್ಯಾಕ್ ಮೊದಲೇ ತಯಾರು ಮಾಡಿ, ಹೊರಗಿನಿಂದ ಗಾಯಕಿಯನ್ನು ಕರೆಸಿ ಹಾಡಿಸಿ ಕಳಿಸಿದರು. ಆ ಹೆಣ್ಣುಮಗಳ ಕಂಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆಯ ಮಾತೃಭಾಷೆಯಲ್ಲಿ "ಳ" ಇಲ್ಲ. ಹೇಳಿಕೊಡಬೇಕಾದವರು ಯಾರೂ ಪಕ್ಕದಲ್ಲಿ ಇರಲಿಲ್ಲ. "ನಿನ್ನ ಬಾಗಿಲ ಬಳಿಗೆ ಬಂದೆನು" ಅನ್ನುವುದು "ಬಲಿಗೆ ಬಂದೆನು" ಆಯಿತು. ದೇವರ ಹತ್ತಿರ ಬಂದೆ ಅನ್ನುವ ಸಾಲು ಬಲಿಯಾಗಲು ಬಂದೆ ಅನ್ನುವ ಸಾಲಾಯಿತು. "ಉಳಿದೆ" ಹೋಗಿ "ಉಲಿದೆ" ಬಂತು. ಯೇಸು ನನ್ನ ಜೊತೆ ಉಳಿದ ಅನ್ನುವುದೇ ನನ್ನ ಇಡೀ ಸಾಕ್ಷಿ. ಆ ಒಂದು ಅಕ್ಷರ ಹೋದರೆ ಹಾಡಿನಲ್ಲಿ ನನ್ನದು ಅನ್ನುವುದು ಏನು ಉಳಿಯಿತು?

ಇನ್ನೊಂದು ತೊಂದರೆ ನನಗೆ ಕಿವಿಗೆ ಗೊತ್ತಾಗುತ್ತಿತ್ತು, ಬಾಯಿ ಬಿಟ್ಟು ಹೇಳಲು ಬರುತ್ತಿರಲಿಲ್ಲ. "ಕಡೆಯ" ಅನ್ನುವುದು "ಕಡೇಯ" ಆಗಿತ್ತು, "ಉಳಿದ ಚಿಲ್ಲರೆ" ಅನ್ನುವುದು "ಉಲೀದ ಚಿಲ್ಲರೆ". ಎಲ್ಲೆಲ್ಲಿ ಗಿಡ್ಡ ಅಕ್ಷರ ಇದೆಯೋ ಅಲ್ಲಿ ಎಳೆದಿದ್ದರು. ಯಾಕೆ ಅಂತ ಕೇಳಿದರೆ, ಟ್ರ್ಯಾಕಿಗೆ ಕೂರಿಸಬೇಕಲ್ಲ ಅಂದರು. ಅದರ ಮೇಲೆ ನನ್ನನ್ನು ಕೇಳದೆ ತಮ್ಮ ಚಾನೆಲ್ಲಿಗೂ ಏರಿಸಿಬಿಟ್ಟಿದ್ದರು. ತೆಗೆಸಲು ನಾಲ್ಕು ತಿಂಗಳು ಓಡಾಡಿದೆ. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಈ ಧಾರವಾಡದ ಹುಡುಗನ ವಿಷಯ ಹೇಳಿದ್ದು ನಮ್ಮ ಡ್ರೈವರ್ ಅಣ್ಣ. ಅವರು ಊರ ಭಜನಾ ಮಂಡಳಿಯವರು, ತತ್ವಪದ ಹಾಡುತ್ತಾರೆ, ಅವರ ಮಂಡಳಿಯ ಹಾಡು ಅಲ್ಲೇ ರೆಕಾರ್ಡ್ ಆಗಿತ್ತು. ವೀಕ್ಲಿ ಆಫ್ ದಿನ ತಂಗಿಯನ್ನು ಕರೆದುಕೊಂಡು, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋದೆ. ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದೀತು. ಗೋಡೆ ತುಂಬ ಕೌದಿ. ತನ್ನ ಅಜ್ಜಿ, ಸೋದರತ್ತೆಯರು ಹೊಲಿದ ಹಳೇ ಕೌದಿಗಳನ್ನು ಎರಡು ಪದರು ಮಾಡಿ ಮೊಳೆ ಹೊಡೆದಿದ್ದಾನೆ, ಸದ್ದು ಗೋಡೆಗೆ ಬಡಿದು ಮರಳಿ ಬರದ ಹಾಗೆ. ಒಳಗೆ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತದೆ. ಒಂದು ಮೈಕು, ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಮೂಲೆಯಲ್ಲಿ ಅವನ ಅಪ್ಪನ ತಬಲಾ ಜೋಡಿ. ಅಷ್ಟೇ.

ನಾನು ಫೋನ್ ತೆಗೆದು ರಾಗ ಕೇಳಿಸಲು ಹೋದೆ. ಹುಡುಗ ತಡೆದ.

"ಸರ, ಮೊದಲ ಹಾಡಬ್ಯಾಡ್ರಿ. ಸುಮ್ಮನ ಓದ್ರಿ, ಮಾತಾಡಿದಂಗ."

ಓದಿದೆ. ಮತ್ತೊಮ್ಮೆ ಓದಿಸಿದ. ಆಮೇಲೆ ಅವನು ಕೇಳಿದ ಪ್ರಶ್ನೆ: "ಇದು ಯಾರಿಗೆ ಹೇಳೋ ಮಾತ್ರಿ? ಮಂದಿಗೋ, ದೇವರಿಗೋ?" ದೇವರಿಗೆ ಅಂದೆ. "ಹಂಗಾದ್ರ ಜೋರಾಗಿ ಬ್ಯಾಡ, ಹತ್ತಿರ ಕೂತು ಹೇಳಿದಂಗ ಬರಬೇಕು" ಅಂದು ಬರೆದುಕೊಂಡ. ಹುಡುಗ ಕ್ರೈಸ್ತನಲ್ಲ. ಅಜ್ಜನ ಚಿಲ್ಲರೆಯ ಕಥೆ ಹೇಳಿದಾಗ ಪೆನ್ಸಿಲ್ ಕೆಳಗಿಟ್ಟು ಪೂರಾ ಕೇಳಿದ. ಹತ್ತೊಂಬತ್ತು ವರ್ಷ ಟಿಕೆಟ್ ಹರಿದವನಿಗೆ, ಎದುರಿನವರು ಮಾತು ಕೇಳುತ್ತಿದ್ದಾರೋ ಇಲ್ಲವೋ ಅನ್ನುವುದು ಮುಖ ನೋಡಿದರೆ ತಿಳಿಯುತ್ತದೆ.

ಆಮೇಲೆ ಆ ಹಾಳೆ ತನ್ನ ಕಡೆ ಎಳೆದುಕೊಂಡು, ಪ್ರತಿ ಅಕ್ಷರದ ಮೇಲೆ ಲಘು ಗುರು ಗುರುತು ಹಾಕುತ್ತಾ ಹೋದ: ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ; ಉದ್ದದ್ದು ಗುರು, ಎರಡು ಮಾತ್ರೆ. ಕ-ಡೆ-ಯ, ಮೂರು. ನಿ-ಲು-ಗ-ಡೆ, ನಾಲ್ಕು. ದಾ-ಟಿ, ಮೂರು. ದೆ-ನು-ನಾ, ನಾಲ್ಕು. "ಸರ, ಇದು ಮೂರು ನಾಲ್ಕು ಮೂರು ನಾಲ್ಕು ಐತ್ರಿ. ಭಾಮಿನಿ ನಡಿಗಿ." ನನಗೆ ಒಮ್ಮೆಲೇ ಶಾಲೆ ನೆನಪಾಯಿತು. ಗದಗದಲ್ಲಿ ಓದಿದವರಿಗೆ ಕುಮಾರವ್ಯಾಸ ಮನೆಯವನಿದ್ದ ಹಾಗೆ. ಅವನು ಭಾರತ ಬರೆದದ್ದು ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಅಂತ ಮಾಸ್ತರು ಹೇಳಿ, ಪದ್ಯ ಬಾಯಿಪಾಠ ಮಾಡಿಸಿದ್ದರು. ಆ ಭಾಮಿನಿ ಷಟ್ಪದಿಯ ನಡಿಗೆ ಮೂವತ್ತು ವರ್ಷ ಕಿವಿಯಲ್ಲೇ ಕೂತಿದ್ದು, ಯೇಸುವಿಗೆ ಹಾಡು ಬರೆಯುವಾಗ ನನಗೇ ಗೊತ್ತಿಲ್ಲದೆ ಹೊರಗೆ ಬಂದಿದೆ.

ಮೊದಲ ಸ್ಟುಡಿಯೋದಲ್ಲಿ ಆದ ತಪ್ಪು ಏನು ಅಂತ ತಿಳಿದದ್ದು ಆಗಲೇ. ಅವರ ಟ್ರ್ಯಾಕ್ ನಾಲ್ಕು ನಾಲ್ಕರ ಎಣಿಕೆಯದು. ಏಳು ಮಾತ್ರೆಯ ಅರ್ಧ ಸಾಲನ್ನು ಎಂಟರಲ್ಲಿ ತುಂಬಬೇಕಾದರೆ ಎಲ್ಲಾದರೂ ಒಂದು ಮಾತ್ರೆ ಎಳೆಯಲೇಬೇಕು. ಎಳೆದದ್ದು ಮೂರರ ಗುಂಪಿನಲ್ಲಿ. "ಕಡೇಯ" ಆದದ್ದು ಹಾಗೆ. ಕನ್ನಡದಲ್ಲಿ ಗಿಡ್ಡ ಅಕ್ಷರ ಉದ್ದ ಮಾಡಿದರೆ ಮಾತೇ ಬೇರೆಯಾಗುತ್ತದೆ: ಕರಿ ಬೇರೆ, ಕಾರಿ ಬೇರೆ. ಇಂಗ್ಲಿಷ್, ತೆಲುಗು, ತಮಿಳು ಹಾಡುಗಳ ರಾಗಕ್ಕೆ ಕನ್ನಡ ಕೂರಿಸುವಾಗಲೂ ಇದೇ ಆಗುತ್ತದೆ. ಆ ಹಾಡುಗಳಿಂದ ಎಷ್ಟೋ ಜನರ ನಂಬಿಕೆ ಬೆಳೆದಿದೆ, ನಾನೂ ಹಾಡುತ್ತೇನೆ. ಆದರೆ ಅರ್ಥ ಬಿಡಿಸಿಕೊಂಡು ಹಾಡಬೇಕಾದ ಕಡೆ ಭಕ್ತಿ ಒಂದು ಹೆಜ್ಜೆ ತಡವಾಗಿ ಬರುತ್ತದೆ.

ಆ ಪೆನ್ಸಿಲ್ ಗುರುತು ನೋಡುತ್ತಾ ನನಗೆ ಜರ್ಮನಿಯಿಂದ ಬಂದ ಮಿಷನರಿ ಕಿಟೆಲ್ ನೆನಪಾದರು. ಅವರನ್ನು ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ನಮ್ಮ ಸಭೆಗಳ ಬೇರು ಅಲ್ಲಿಂದಲೇ. ಅವರ ಜೊತೆ ಬಂದ ಜರ್ಮನ್ ರಾಗಗಳಿಗೆ ಕನ್ನಡ ಸಾಹಿತ್ಯ ಕೂರಿಸಿದ ಗೀತೆಗಳನ್ನು ನನ್ನ ಅಜ್ಜ ಪುಸ್ತಕ ನೋಡದೆ ಹಾಡುತ್ತಿದ್ದರು. ಆ ನಾಲ್ಕು ದನಿಯ ಹಾಡು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ 1853ರಲ್ಲಿ ಬಂದ ಕಿಟೆಲ್ ಇನ್ನೊಂದು ದಾರಿ ಹಿಡಿದರು. 1862ರ ಅವರ ಕಥಾಮಾಲೆಯಲ್ಲಿ ಯೇಸುವಿನ ಕಥೆ ನಮ್ಮ ಛಂದಸ್ಸಿನಲ್ಲಿ ಬಂತು. ಕನ್ನಡ ಛಂದಸ್ಸಿನ ಹಳೇ ಗ್ರಂಥವಾದ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1894ರ ನಿಘಂಟು ಎಲ್ಲರಿಗೂ ಗೊತ್ತು. ಸುವಾರ್ತೆ ಹೇಳಲು ಬಂದವರು ಮೊದಲು ಲಘು ಗುರು ಕಲಿತರು. ಕನ್ನಡದಲ್ಲೇ ಹುಟ್ಟಿದ ನಾವು ಅದನ್ನು ಬಿಟ್ಟು ಬರೆಯುತ್ತಿದ್ದೇವಲ್ಲ ಅಂತ ನನಗೆ ಆ ಕೋಣೆಯಲ್ಲಿ ಕೂತು ನೋವಾಯಿತು.

ತಾಳಕ್ಕೆ ಹುಡುಗ ಹಿಡಿದದ್ದು ಹಿಂದೂಸ್ತಾನಿ ರೂಪಕ. ತೀ ತೀ ನಾ, ಧೀ ನಾ, ಧೀ ನಾ. ಏಳು ಮಾತ್ರೆ, ನಮ್ಮ ಸಾಲಿಗೆ ಅಳೆದು ಹೊಲಿದ ಹಾಗೆ. ಬೇರೆ ತಾಳಗಳಲ್ಲಿ ಮೊದಲ ಪೆಟ್ಟು ಗಟ್ಟಿಯಾಗಿ ಬೀಳುತ್ತದೆ, ರೂಪಕದಲ್ಲಿ ಮೊದಲ ಮಾತ್ರೆಯೇ ಖಾಲಿ. ಎಡಗೈಯ ಡಗ್ಗಾ ಅಲ್ಲಿ ಗುಮ್ಮೆನ್ನುವುದಿಲ್ಲ. ಅಪ್ಪನ ತಬಲಾ ತೆಗೆದು ನುಡಿಸಿ ತೋರಿಸಿದ. "ಕಡೆಯ" ಬಂದು ಆ ಖಾಲಿಯಲ್ಲಿ ಬೀಳುತ್ತದೆ, "ನಿಲುಗಡೆ"ಗೆ ಡಗ್ಗಾ ಸೇರುತ್ತದೆ. "ಬಳಿಗೆ" ಅನ್ನುವುದೂ ಖಾಲಿಯಲ್ಲೇ. ಹಿಂದೆ ದಪ್ಪ ಸದ್ದು ಇಲ್ಲದ್ದರಿಂದ "ಳ" ನಿಚ್ಚಳವಾಗಿ ಕೇಳುತ್ತದೆ. ರಾತ್ರಿ ಖಾಲಿ ಬಸ್ಸಿನಲ್ಲಿ ನನಗೆ ಬಂದ ಹಾಡು ಖಾಲಿಯಿಂದಲೇ ಶುರುವಾಗುವ ತಾಳಕ್ಕೆ ಹೋಗಿ ಕೂತಿತು. ಇದನ್ನು ನಾನು ದೇವರ ಕೃಪೆ ಅಂತಲೇ ನಂಬುತ್ತೇನೆ.

ಸೀಟಿನ ಪ್ರಶ್ನೆಯೂ ಅಲ್ಲೇ ಬಗೆಹರಿಯಿತು. "ಸೀಟು ಎಲ್ಲಾ" ಅನ್ನುವಲ್ಲಿ ಎರಡು ಸ್ವರ ಎದುರೆದುರು ಬಂದು ಹಾಡುವವರಿಗೆ ತಡೆಯುತ್ತದೆ, ಕೂಡಿಸಿ "ಸೀಟೆಲ್ಲಾ" ಅಂದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ ಅಂದ. ತಂಗಿ ತಟ್ಟನೆ "ಜಾಗವೆಲ್ಲಾ" ಅಂದಳು. ಮೂರು ನಾಲ್ಕು ಸರಿಯಾಯಿತು, ಸಭಾಪಾಲಕರ ಮನಸ್ಸಿಗೂ ಸರಿಯಾಯಿತು.

ಹಾಡಿದ್ದು ತಂಗಿಯೇ. ಮೊದಲ ಸ್ಟುಡಿಯೋದವರು ಶ್ರುತಿಯನ್ನು ಕರಿ ಮೂರಕ್ಕೆ, ಅಂದರೆ ಹಾರ್ಮೋನಿಯಂನ ಮೂರನೇ ಕರಿ ಮನೆಗೆ ಏರಿಸಿದ್ದರು, ಸಭೆಯಲ್ಲಿ ಯಾರಿಗೂ ಎಟುಕಲಿಲ್ಲ. ಇವನು ಬಿಳಿ ಎರಡಕ್ಕೆ ಇಳಿಸಿದ. ನಿಮ್ಮ ಗುಡಿಯಲ್ಲಿ ಎಷ್ಟು ಜನ ಗಂಡಸರು, ಎಷ್ಟು ಜನ ಹೆಂಗಸರು ಹಾಡುತ್ತಾರೆ ಅಂತ ಕೇಳಿ ಆಮೇಲೆ ಶ್ರುತಿ ಇಟ್ಟ. ರಾಗದಲ್ಲಿ ಭೀಮ್‌ಪಲಾಸ್ ನೆರಳಿದೆ ಅಂದ, ನನಗೆ ಅದು ಗೊತ್ತಿಲ್ಲ, ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದದ ವಾಸನೆ ಅದರಲ್ಲಿದೆ ಅಂತಷ್ಟೇ ಗೊತ್ತು. "ಬಳಿಗೆ" ಅನ್ನುವ ಒಂದು ಪದಕ್ಕೆ ಹದಿನಾಲ್ಕು ಸಲ ಹಾಡಿಸಿದ. ಕನ್ನಡದವಳಾದ ತಂಗಿಗೂ ಮೈಕಿನ ಮುಂದೆ ಗಾಬರಿಗೆ ನಾಲಿಗೆ ಮೇಲಕ್ಕೆ ಮಡಚದೆ "ಲ"ಗೇ ಜಾರುತ್ತಿತ್ತು. ಮೈಕನ್ನು ಬಾಯಿಯ ನೇರದಿಂದ ನಾಲ್ಕು ಬೆರಳು ಬಲಕ್ಕೆ ಸರಿಸಿ, ದೀಪ ಒಂದು ಆರಿಸಿ, ನನ್ನನ್ನು ಅವಳ ಎದುರಿಗೆ ಕೂರಿಸಿದ. "ಅಣ್ಣಗ ಹೇಳ್ರಿ ಅಕ್ಕ, ಮೈಕಿಗೆ ಬ್ಯಾಡ" ಅಂದ. ಆ ಸಲ ಬಂದದ್ದೇ ಕಡೆಗೆ ಉಳಿಯಿತು. ದನಿ ಸರಿಪಡಿಸುವ ಸಾಫ್ಟ್‌ವೇರ್ ಅವನ ಹತ್ತಿರವೂ ಇದೆ, ಎರಡೇ ಕಡೆ ಬಳಸಿದ, ಎಲ್ಲಿ ಅಂತ ತೋರಿಸಿಯೇ ಬಳಸಿದ.

ಇನ್ನು ಕೊರತೆಗಳು. ರೈಲು ಹಳಿ ಹತ್ತಿರ. ಪ್ಯಾಸೆಂಜರ್ ಗಾಡಿಗಳ ವೇಳಾಪಟ್ಟಿ ಬಾಗಿಲ ಹಿಂದೆ ಅಂಟಿಸಿದ್ದಾನೆ, ಆ ಹೊತ್ತಿಗೆ ಚಹಾ ಬಿಡುವು. ಗೂಡ್ಸ್ ಗಾಡಿಗೆ ವೇಳೆ ಇಲ್ಲವಲ್ಲ, ಎರಡನೇ ಚರಣದ ಒಳ್ಳೆಯ ಒಂದು ಟೇಕ್ ಹಾಗೇ ಹೋಯಿತು. ರೆಕಾರ್ಡ್ ಮಾಡುವಾಗ ಫ್ಯಾನ್ ಕೂಡ ಬಂದ್, ಮಾರ್ಚ್ ಆದ ಮೇಲೆ ವಯಸ್ಸಾದವರನ್ನು ಕರೆದೊಯ್ಯಬೇಡಿ. ಮೆಟ್ಟಿಲು ಕಡಿದಾಗಿದೆ, ಹಿಡಿಕೆ ಇಲ್ಲ. ನಮ್ಮ ಸಭೆಯ ಹಾರ್ಮೋನಿಯಂ ಅಂಕಲ್‌ಗೆ ಎಪ್ಪತ್ತೊಂದು, ಅವರು ಹತ್ತಲಾಗದೆ ಕೆಳಗೇ ಕೂತರು. ಅವರ ಕೈ ಈ ಹಾಡಿನಲ್ಲಿ ಇಲ್ಲ ಅನ್ನುವ ಬೇಸರ ನನಗೆ ಹೋಗಿಲ್ಲ. ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಲು ಆಗುವುದಿಲ್ಲ, ಕ್ವಾಯರ್ ನಾಲ್ಕು ಜನರನ್ನು ಇಬ್ಬಿಬ್ಬರಾಗಿ ಹಾಡಿಸಬೇಕಾಯಿತು. ಕೇಳಿದರೆ ಒಟ್ಟಿಗೆ ನಿಂತು ಹಾಡಿದ ಉಸಿರು ಅದರಲ್ಲಿ ಬಂದಿಲ್ಲ. ಮಿಕ್ಸಿಂಗ್ ಹತ್ತು ದಿನದಲ್ಲಿ ಅಂದವನು ಇಪ್ಪತ್ತಾರನೇ ದಿನ ಕೊಟ್ಟ, ನಡುವೆ ಫೋನ್ ಎತ್ತಲಿಲ್ಲ. ಒಂದು ಅಂಕ ಹೋದದ್ದು ಇದಕ್ಕೇ. ತಡವಾದರೆ ತಡ ಅಂತ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು.

ಮೊದಲ ಮಿಕ್ಸಿನಲ್ಲಿ ಎಕೋ ಹೆಚ್ಚಿತ್ತು. ದೇವಾಲಯದ ಗೋಡೆಯೇ ಎಕೋ ಕೊಡುತ್ತದೆ, ಮೇಲೆ ಇದೂ ಸೇರಿದರೆ ಪದ ಕೇಳುವುದಿಲ್ಲ ಅಂತ ಹೇಳಿದೆ. ಎರಡು ಸಲ ತಿದ್ದಿ ಕೊಟ್ಟ, ಬೇರೆ ದುಡ್ಡು ಕೇಳಲಿಲ್ಲ. ಕಡೆಗೆ ದೊಡ್ಡ ಸ್ಪೀಕರ್ ಬಂದ್ ಮಾಡಿ, ನನ್ನ ಹಳೇ ಫೋನಿನಲ್ಲಿ ಹಾಕಿ ಕೇಳಿಸಿದ. ಜನ ಕೇಳುವುದು ವಾಟ್ಸಾಪ್ಪಿನಲ್ಲೇ, ಅಲ್ಲಿ ಪದ ತಿಳಿದರೆ ಎಲ್ಲ ಕಡೆ ತಿಳಿಯುತ್ತದೆ ಅನ್ನುವುದು ಅವನ ಲೆಕ್ಕ.

ಒಟ್ಟು 6,500 ರೂಪಾಯಿ ಆಯಿತು, ತಬಲಾ, ಕೀಬೋರ್ಡು, ಮಿಕ್ಸಿಂಗ್ ಎಲ್ಲ ಸೇರಿ. ಎರಡು ಸಲ ಕೂತೆವು, ಒಟ್ಟು ಏಳು ತಾಸು. ಪೂರಾ ಹಾಡಿನ ಫೈಲು, ದನಿ ಇಲ್ಲದ ಮೈನಸ್ ಟ್ರ್ಯಾಕು, ಪ್ರತಿ ವಾದ್ಯದ ಬೇರೆ ಬೇರೆ ಫೈಲು ಮೂರೂ ಕೊಟ್ಟ. ಮೈನಸ್ ಟ್ರ್ಯಾಕ್ ಕೇಳಿ ಇಸಿದುಕೊಳ್ಳಿ, ವಾದ್ಯದವರಿಲ್ಲದ ಸಣ್ಣ ಹಳ್ಳಿ ಸಭೆಗಳಿಗೆ ಅದೇ ದಿಕ್ಕು. ನಾನು ಕೇಳುವ ಮೊದಲೇ ಒಂದು ಕಾಗದ ಬರೆದು ಸಹಿ ಹಾಕಿದ: ಸಾಹಿತ್ಯ, ರಾಗ ನನ್ನದು, ಧ್ವನಿಮುದ್ರಣವೂ ನನ್ನದು, ನನ್ನನ್ನು ಕೇಳದೆ ಎಲ್ಲಿಯೂ ಏರಿಸುವುದಿಲ್ಲ ಅಂತ. ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು, ರೆಕಾರ್ಡಿಂಗ್‌ನ ಹಕ್ಕು ಮೂರೂ ಕಾನೂನಿನಲ್ಲಿ ಬೇರೆ ಬೇರೆ. ಬರೆದವರ ಹಕ್ಕು ಅವರ ಜೀವಮಾನ, ಆಮೇಲೆ 60 ವರ್ಷ. ದೇವರಿಗೆ ಬರೆದ ಹಾಡಿಗೆ ಹಕ್ಕು ಯಾಕೆ ಅಂತ ಕೆಲವರು ಕೇಳುತ್ತಾರೆ. ದುಡ್ಡಿಗಲ್ಲ. "ಬಳಿಗೆ" ಅನ್ನುವುದನ್ನು "ಬಲಿಗೆ" ಮಾಡಿದಾಗ ನಿಲ್ಲಿಸಿ ಅನ್ನಲು ಬೇಕು. ಎಲ್ಲಿ ಮಾಡಿಸಿದರೂ ಈ ಕಾಗದ ಕೈಗೆ ಬಾರದೆ ಮುಂಗಡ ಕೊಡಬೇಡಿ.

ಹಾಡನ್ನು ನಮ್ಮ ಸಭೆಯಲ್ಲಿ ಕಳೆದ ತಿಂಗಳು ಮೊದಲ ಭಾನುವಾರ ಹಾಡಿದೆವು. ಪಲ್ಲವಿಯನ್ನು ಎರಡನೇ ಸಲಕ್ಕೆ ಎಲ್ಲರೂ ಹಿಡಿದರು, ಮುಂದಿನ ಬೆಂಚಿನ ಹಿರಿಯ ತಾಯಂದಿರೂ ಸೇರಿ. ಏಳರ ನಡಿಗೆ ಜನಕ್ಕೆ ಕಷ್ಟವಾಗಬಹುದು ಅಂತ ನನಗೆ ಅಳುಕಿತ್ತು. ಯಾರೂ ಎಣಿಸಲಿಲ್ಲ, ಹಾಡಿದರು. ಆರಾಧನೆ ಮುಗಿದ ಮೇಲೆ ಒಬ್ಬ ಹಣ್ಣು ಮಾರುವ ಅಕ್ಕ ಬಂದು, ಚಿಲ್ಲರೆ ಸಾಲು ಇನ್ನೊಮ್ಮೆ ಹೇಳು ಅಂದಳು. ಹೇಳಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಏನೂ ಹೇಳದೆ ಹೋದಳು.

ಅಜ್ಜ ಇನ್ನೂ ಸಿಕ್ಕಿಲ್ಲ. 462 ರೂಪಾಯಿ ನನ್ನ ಕೈಯಿಂದ ಹಾಕಿ ಒಂದು ಕವರಿನಲ್ಲಿ ಬ್ಯಾಗಿನ ಒಳಗೆ ಇಟ್ಟಿದ್ದೇನೆ, ಸಂತೆ ದಿನ ಅದೇ ರೂಟು ಕೇಳಿ ಹಾಕಿಸಿಕೊಳ್ಳುತ್ತೇನೆ.

ಎರಡನೇ ಹಾಡು ತಯಾರಾಗಿದೆ, ಅದಕ್ಕೂ ಇದೇ ಮಹಡಿ ಹತ್ತುತ್ತೇನೆ. ಈ ಸಲ ಹಾರ್ಮೋನಿಯಂ ಅಂಕಲ್ ಮನೆಗೇ ಮೈಕು ತರಬೇಕು ಅಂತ ಮೊದಲೇ ಮಾತಾಡಿದ್ದೇನೆ, ಹುಡುಗ ಒಪ್ಪಿದ್ದಾನೆ. ಅವರ ಮನೆಗೆ ಹೊದಿಸಲು ನಾಲ್ಕು ಕೌದಿ ನಮ್ಮ ಮನೆಯಿಂದ ಒಯ್ಯಬೇಕು.